ಚೀನಾದ ಈ ನೋಟುಗಳಲ್ಲಿ ಮಾವೋ ಚಿತ್ರವೇ ಇಲ್ಲ. ಇವು ಅಸಲಿಯೇ?

ಗಂಗಾವತಿ ಓದುಗ ಕೇಳಿದ್ದು:

ಹಂಪಿ ಬಜಾರಿನ ಮಂಟಪಗಳಲ್ಲಿ ಅಂಗಡಿಗಳಿದ್ದ ಕಾಲದಲ್ಲಿ ನನ್ನ ಸೋದರಮಾವ ಅಲ್ಲಿ ಇಡ್ಲಿ, ಚಹಾದ ಹೋಟೆಲು ನಡೆಸುತ್ತಿದ್ದರು. ಊರು ಬಿಡುವ ವಿದೇಶಿಯರು ಜೇಬಿನಲ್ಲುಳಿದ ಬೇರೆ ದೇಶಗಳ ಚಿಲ್ಲರೆಯನ್ನು ಅವರ ಕೈಗಿಟ್ಟು ಹೋಗುತ್ತಿದ್ದರಂತೆ. ಎಲ್ಲವನ್ನೂ ಮಾವ ಉದ್ರಿ ಲೆಕ್ಕದ ಪುಸ್ತಕದೊಳಗೆ ಸೇರಿಸಿಟ್ಟಿದ್ದರು. ಅದರಲ್ಲಿ ಚೀನಾದ ನಾಲ್ಕು ನೋಟುಗಳಿವೆ: ಜಲಪಾತದ ಚಿತ್ರವಿರುವ 10 ಫೆನ್ (ನಮ್ಮ ಪೈಸೆಯಂತೆ, 100 ಫೆನ್‌ಗೆ 1 ಯುವಾನ್), ದುಂಡನೆಯ ಮೂರಂತಸ್ತಿನ ಗುಡಿ ಇರುವ 50 ಫೆನ್, ಹಸಿರು ಬಣ್ಣದ 1 ಯುವಾನ್ ಎರಡು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ‘ಬ್ಯಾಂಕ್ ಆಫ್ ಚೀನಾ, ಫಾರಿನ್ ಎಕ್ಸ್‌ಚೇಂಜ್ ಸರ್ಟಿಫಿಕೇಟ್’ ಎಂದಿದೆ. ಎಲ್ಲದರಲ್ಲೂ ಇಸವಿ 1979. ಒಂದಕ್ಕೆ ಮಾವ ಅಂಟುಪಟ್ಟಿ ಹಚ್ಚಿದ್ದಾರೆ, ಅದು ಹಳದಿಗಟ್ಟಿದೆ.

ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ನಾಲ್ಕಕ್ಕೂ ಸೇರಿ ಎರಡು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುತ್ತಿದ್ದಾರೆ. ಏನು ಮಾಡಲಿ? ಬ್ಯಾಂಕಿನಲ್ಲಿ ಬದಲಾಯಿಸಿಕೊಡುತ್ತಾರೆಯೇ?

ಕೌಲ್ ಬಜಾರ್ ಕ್ಯಾಷಿಯರ್ (ನಿವೃತ್ತ), ಬಳ್ಳಾರಿ:

ಮೊದಲು ಆ ವಾಟ್ಸ್‌ಆ್ಯಪ್ ಮನುಷ್ಯನ ನಂಬರನ್ನು ಬ್ಲಾಕ್ ಮಾಡಿ, ಆಮೇಲೆ ಮುಂದೆ ಓದಿ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳುವುದಲ್ಲ. ಹಳೆಯ ನೋಟು ಕೊಳ್ಳುತ್ತೇವೆಂದು ಶುಲ್ಕ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ನಿಮ್ಮ ವರ್ಣನೆ ಅಸಲಿ ನೋಟುಗಳಿಗೆ ಸರಿಹೊಂದುತ್ತದೆ. ಇವು ಚೀನೀಯರ ದಿನಬಳಕೆಯ ನೋಟುಗಳಲ್ಲ. ಹೊರಗಿನಿಂದ ಬಂದವರಿಗಾಗಿ ಬ್ಯಾಂಕ್ ಆಫ್ ಚೀನಾ 1980ರ ಏಪ್ರಿಲ್ 1ರಿಂದ ಹೊರಡಿಸಿದ ವಿನಿಮಯ ಪತ್ರಗಳು. ಪ್ರವಾಸಿ ಡಾಲರನ್ನೋ ಪೌಂಡನ್ನೋ ಕೊಟ್ಟರೆ ಬ್ಯಾಂಕು ಇವನ್ನು ಕೊಡುತ್ತಿತ್ತು. ಹೋಟೆಲು, ವಿಮಾನದ ಟಿಕೆಟು, ‘ಫ್ರೆಂಡ್‌ಶಿಪ್ ಸ್ಟೋರ್’ ಎಂಬ ಸರ್ಕಾರಿ ಮಳಿಗೆಗಳು, ಎಲ್ಲೆಡೆ ಇದರಲ್ಲೇ ಪಾವತಿ. ಸರ್ಕಾರಕ್ಕೆ ವಿದೇಶಿ ವಿನಿಮಯ ಒಂದೂ ಸೋರದೆ ಕೈಸೇರಬೇಕಿತ್ತು, ಅಷ್ಟೇ.

ಕಾಗದದ ಮೇಲೆ ಇದರ 1 ಯುವಾನ್ ಸಾಮಾನ್ಯ 1 ಯುವಾನಿಗೆ ಸಮ. ಬೀದಿಯ ಲೆಕ್ಕ ಬೇರೆ. ಆಮದಾದ ಸಿಗರೇಟು, ಟಿ.ವಿ.ಯಂಥ ಸರಕು ಸಿಗುತ್ತಿದ್ದುದು ಈ ಪತ್ರ ಇದ್ದವರಿಗೆ. ಹೀಗಾಗಿ ಸ್ಥಳೀಯರು ಹೆಚ್ಚು ಹಣ ತೆತ್ತು ಕೊಳ್ಳಲು ಹೋಟೆಲುಗಳ ಬಾಗಿಲಲ್ಲೇ ಕಾಯುತ್ತಿದ್ದರು. ಸಮ ಎಂದು ಅಚ್ಚುಹಾಕಿದ ಮಾತ್ರಕ್ಕೆ ಸಮವಾಗುವುದಿಲ್ಲ ಎಂಬುದು ಕೌಂಟರಿನಲ್ಲಿ ಕುಳಿತ ಯಾರಿಗಾದರೂ ಗೊತ್ತು. 1994ರ ಜನವರಿ 1ರಂದು ಚೀನಾ ತನ್ನ ಎರಡು ವಿನಿಮಯ ದರಗಳನ್ನು ಒಂದು ಮಾಡಿ, ಡಾಲರಿಗೆ 5.8 ಇದ್ದ ಅಧಿಕೃತ ದರವನ್ನು 8.7ಕ್ಕೆ ತಂದಿತು. ಅಂದೇ ಇವುಗಳ ವಿತರಣೆ ನಿಂತಿತು, 1995ರ ಆರಂಭಕ್ಕೆ ಚಲಾವಣೆಯೂ ಮುಗಿಯಿತು. ಆದ್ದರಿಂದ ಯಾವ ಬ್ಯಾಂಕೂ ಬದಲಾಯಿಸಿಕೊಡುವುದಿಲ್ಲ.

ಮಾವೋ ಇಲ್ಲದಿರುವುದು ಅನುಮಾನದ ವಿಷಯವಲ್ಲ. ಅವರೊಬ್ಬರ ಮುಖವೇ ನೋಟುಗಳಲ್ಲಿ ರಾರಾಜಿಸತೊಡಗಿದ್ದು 1999ರ ಸರಣಿಯಿಂದ. ಪ್ರವಾಸಿಗರ ಪತ್ರಗಳಲ್ಲಿ ಇರುವುದೆಲ್ಲ ನೋಡತಕ್ಕ ತಾಣಗಳು: ನಿಮ್ಮ ದುಂಡನೆಯ ಗುಡಿ ಬೀಜಿಂಗಿನ ‘ಟೆಂಪಲ್ ಆಫ್ ಹೆವನ್’, 100 ಯುವಾನಿನಲ್ಲಿ ಮಹಾಗೋಡೆ.

1979 ಎಂಬುದು ಸರಣಿಯ ಇಸವಿ, ನಿಮ್ಮ ನೋಟು ಆ ವರ್ಷವೇ ಕೈಬದಲಾಯಿಸಿತು ಎಂದಲ್ಲ. 50 ಮತ್ತು 100 ಯುವಾನಿನಲ್ಲಿ 1988ರ ಸರಣಿಯೂ ಉಂಟು. ಸಂಗ್ರಾಹಕರು ಬೆನ್ನುಹತ್ತುವುದು 50 ಯುವಾನಿನ ನೋಟನ್ನು. ನಿಮ್ಮಲ್ಲಿರುವ ಸಣ್ಣ ನೋಟುಗಳದು, ಮಡಿಕೆ ಬಿದ್ದಿದ್ದರೆ, ಕೆಲವು ನೂರು ರೂಪಾಯಿಗಳ ಮಾತು.

ಅಂಟುಪಟ್ಟಿಯನ್ನು ಕೀಳಬೇಡಿ, ಅಚ್ಚಿನ ಮಸಿಯೂ ಅದರೊಂದಿಗೇ ಬರುತ್ತದೆ. ಇಸ್ತ್ರಿ, ಲ್ಯಾಮಿನೇಷನ್ ಎರಡೂ ಬೇಡ. ಪಿವಿಸಿ ಆಲ್ಬಮ್ ನಮ್ಮ ಕಡೆಯ ಬೇಸಿಗೆಗೆ ಬೆವತು ನೋಟಿಗೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಚೀಲಗಳು ಸಿಗುತ್ತವೆ, ಅವನ್ನೇ ಕೊಳ್ಳಿ.

ಅದಿರಿನ ಭರಾಟೆಯಲ್ಲಿ ಹೊಸಪೇಟೆಗೆ ಬಂದ ಚೀನೀಯರು ಕೊಟ್ಟದ್ದು ಎಂದು ಕಥೆ ಕಟ್ಟಿ ಇವನ್ನು ಮಾರುವವರೂ ಇದ್ದಾರೆ. ನಮ್ಮ ಅದಿರು ಲಾರಿಗಟ್ಟಲೆ ಬಂದರಿನ ದಾರಿ ಹಿಡಿಯುವ ಹೊತ್ತಿಗೆ ಈ ಪತ್ರಗಳು ರದ್ದಾಗಿ ವರ್ಷಗಳೇ ಆಗಿದ್ದವು. ನಿಮ್ಮ ಮಾವನವರ ಕಥೆಯೇ ಕಾಲಕ್ಕೆ ಹೊಂದುತ್ತದೆ.

ರಾಯಚೂರಿನ ನಾಣ್ಯಪ್ರಿಯ:

ಇಂಥದ್ದನ್ನು ನಮ್ಮವರೂ ಮಾಡಿದ್ದಾರೆ. 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್ ಯಾತ್ರಿಕರಿಗೆಂದೇ 10 ಮತ್ತು 100 ರೂಪಾಯಿಯ ಬೇರೆ ನೋಟು ಅಚ್ಚು ಹಾಕಿಸಿತ್ತು, ಕ್ರಮಸಂಖ್ಯೆಗೆ ಮೊದಲು ಎಚ್‌ಎ ಎಂಬ ಅಕ್ಷರಗಳು. ಕೊಲ್ಲಿ ದೇಶಗಳಿಗೆ ಹೋದ ನೋಟುಗಳಿಗೆ ಝಡ್. ಇವು ಭಾರತದೊಳಗೆ ಚಲಾವಣೆಗಲ್ಲ. ಚೀನಾ ಒಳಗೆ ಬರುವವರಿಗೆ ಬೇಲಿ ಹಾಕಿತು, ನಾವು ಹೊರಗೆ ಹೋಗುವ ರೂಪಾಯಿಗೆ. ನನಗೆ ಹಜ್ ನೋಟಿನ ಮೋಹವೇ ಹೆಚ್ಚು, ಆದರೆ ಅದರ ಬೆಲೆ ನನ್ನ ಸಂಬಳಕ್ಕೆ ಎಟುಕುವುದಿಲ್ಲ.

ಗಂಗಾವತಿ ಓದುಗ:

ಇಬ್ಬರಿಗೂ ವಂದನೆಗಳು. ನಂಬರ್ ಬ್ಲಾಕ್ ಮಾಡಿದೆ. ನೋಟುಗಳಿದ್ದ ಪುಟದಲ್ಲಿ ಮಾವ ಪೆನ್ಸಿಲಿನಿಂದ ‘ಉದ್ದ ಗಡ್ಡದವನು, 2 ಇಡ್ಲಿ, 1 ಚಹಾ, ಜಮಾ’ ಎಂದು ಬರೆದಿದ್ದಾರೆ. ಆ ಹಾಳೆಯನ್ನೂ ನೋಟಿನ ಚೀಲದಲ್ಲೇ ಇಡಬಹುದೇ?

ಕೌಲ್ ಬಜಾರ್ ಕ್ಯಾಷಿಯರ್ (ನಿವೃತ್ತ):

ಒಂದೇ ಚೀಲದಲ್ಲಿ ಬೇಡ. ಹಳೆಯ ಲೆಕ್ಕದ ಕಾಗದದ ಆಮ್ಲ ನೋಟಿಗೆ ಇಳಿದು ಕಲೆ ಬೀಳಿಸುತ್ತದೆ. ಬೇರೆ ಚೀಲದಲ್ಲಿ ಹಾಕಿ, ಅದೇ ಆಲ್ಬಮಿನ ಎದುರು ಪುಟದಲ್ಲಿ ಇಡಿ. ಹಾಳೆಯನ್ನು ಪುಸ್ತಕದಿಂದ ಹರಿಯುವ ಮೊದಲು ಪುಟಸಂಖ್ಯೆ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಮತ್ತೆ, ಮಾರುವ ಯೋಚನೆ ಬಂದರೆ ಮೊದಲು ನನಗೆ ಹೇಳಬೇಕು.