ಓದುಗರ ಸ್ಪಂದನ: ‘ವ್ಯಾನ್ ಬೇಡಮ್ಮ’ ಎಂದು ಮಗಳು ಅಳುತ್ತಾಳೆ, ಏನು ಮಾಡಲಿ?

ಕಳೆದ ಸಂಚಿಕೆಯ ಸಮಸ್ಯೆ: ಮಗಳು ಮೂರನೇ ತರಗತಿ. ದಸರಾ ರಜೆ ಮುಗಿದಾಗಿನಿಂದ ಬೆಳಗಾದರೆ ಹೊಟ್ಟೆನೋವು ಎನ್ನುತ್ತಾಳೆ. ಭಾನುವಾರ ನೋವಿಲ್ಲ. ವ್ಯಾನಿನ ಹಾರ್ನ್ ಕೇಳಿಸಿದರೆ ನನ್ನ ಸೆರಗು ಬಿಡುವುದಿಲ್ಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಶಾಲೆಯಲ್ಲಿ ವಿಚಾರಿಸಿದರೆ ‘ಮಕ್ಕಳು ನೆಪ ಹೇಳ್ತಾರೆ, ನೀವು ತುಂಬ ಮುದ್ದು ಮಾಡಿದ್ದೀರಿ’ ಎಂದುಬಿಟ್ಟರು. ಯಜಮಾನರು ಕೆಲಸದ ಮೇಲೆ ಪುಣೆಯಲ್ಲಿದ್ದಾರೆ. ‘ಹೆಣ್ಣುಮಗು, ಊರೆಲ್ಲ ಸುದ್ದಿ ಮಾಡಬೇಡ’ ಎನ್ನುತ್ತಾರೆ ಅತ್ತೆ. ನನಗೆ ದಾರಿ ತೋಚುತ್ತಿಲ್ಲ.
– ಒಬ್ಬ ತಾಯಿ, ತುಮಕೂರು ಜಿಲ್ಲೆ

ಮಗಳೇ, ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ನೀರಿನ ಬಾಟಲಿ. ಬೆಳಗ್ಗೆ ನೀವು ತುಂಬಿಸಿ ಕೊಟ್ಟ ನೀರು ಸಂಜೆ ಹಾಗೇ ವಾಪಸ್ ಬರುತ್ತದೆಯೇ? ಮನೆಗೆ ಬಂದವಳೇ ಬ್ಯಾಗ್ ಎಸೆದು ಬಚ್ಚಲಿಗೆ ಓಡುತ್ತಾಳೆಯೇ? ಶಾಲೆಯ ಶೌಚಾಲಯ ಗಬ್ಬು ನಾರುತ್ತದೆ, ಬಾಗಿಲಿಗೆ ಚಿಲಕವಿಲ್ಲ, ದೊಡ್ಡವರು ಬಂದು ತಳ್ಳುತ್ತಾರೆ ಎಂದು ಇಡೀ ದಿನ ಗುಟುಕು ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂರುವ ಹೆಣ್ಣುಮಕ್ಕಳನ್ನು ನಾನು ಕೆಲಸ ಮಾಡಿದ ಪ್ರತಿ ಶಾಲೆಯಲ್ಲೂ ಕಂಡಿದ್ದೇನೆ. ಹಾಗೆ ತಡೆದರೆ ಮೂತ್ರದ ಸೋಂಕು ಬರುತ್ತದೆ, ಮಲಬದ್ಧತೆಯಾಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ. ಹೊಟ್ಟೆ ಒತ್ತಿ ನೋಡಿದ ಮಾತ್ರಕ್ಕೆ ಸೋಂಕು ಗೊತ್ತಾಗುವುದಿಲ್ಲ, ಒಂದು ಮೂತ್ರಪರೀಕ್ಷೆ ಮಾಡಿಸಿ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಪದ್ಧತಿ ಬಂತು, ನಮ್ಮಲ್ಲೂ ಎಷ್ಟೋ ಶಾಲೆಗಳು ಅದನ್ನು ಮಾಡಿಕೊಂಡವು. ಆದರೆ ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಗಂಟೆ ಹೊಡೆದು ಏನು ಪ್ರಯೋಜನ? ಮುಂದಿನ ಸಲ ಶಾಲೆಗೆ ಹೋದಾಗ ಹೆಡ್‌ಮಿಸ್ ಕೋಣೆಯಿಂದಲೇ ಹಿಂತಿರುಗಬೇಡಿ. ಮಕ್ಕಳು ಬಳಸುವ ಶೌಚಾಲಯವನ್ನು ಕಣ್ಣಾರೆ ನೋಡಿಕೊಂಡು ಬನ್ನಿ. ನಲ್ಲಿ ತಿರುಗಿಸಿ, ಚಿಲಕ ಹಾಕಿ ನೋಡಿ.

ಭಾನುವಾರ ನೋವಿಲ್ಲ ಎಂದರೆ ನೋವು ಸುಳ್ಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ವಯಸ್ಸಿನ ಮಕ್ಕಳಿಗೆ ‘ನನಗೆ ಭಯ’ ಎಂದು ಹೇಳಲು ಬರುವುದಿಲ್ಲ. ಭಯ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ನಿದ್ದೆಯಲ್ಲಿ ಬೆಚ್ಚುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಊಟ ಸೇರದಿರುವುದು, ಸ್ನಾನ ಮಾಡಿಸಲು ಹೋದರೆ ಬಟ್ಟೆ ಬಿಗಿಯಾಗಿ ಹಿಡಿದುಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ಇದೆಯೇ ಗಮನಿಸಿ. ಒಂದು ಲಕ್ಷಣ ಕಂಡ ಕೂಡಲೇ ಕೆಟ್ಟದ್ದನ್ನೇ ತೀರ್ಮಾನಿಸಬೇಕಿಲ್ಲ, ಆದರೆ ಕಂಡದ್ದನ್ನು ತಳ್ಳಿಹಾಕಲೂ ಬೇಡಿ.

ಕೇಳುವ ಬಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಹಳ ತಾಯಂದಿರು ಇಲ್ಲೇ ಅವಸರ ಮಾಡುತ್ತಾರೆ. ಎದುರಿಗೆ ನಿಲ್ಲಿಸಿಕೊಂಡು ‘ಏನಾಯ್ತು ಹೇಳು’ ಎಂದು ಗದರಿದರೆ ಮಗು ‘ಏನಿಲ್ಲ’ ಎನ್ನುತ್ತದೆ, ಮುಗಿಯಿತು. ಜಡೆ ಹಾಕುವಾಗ, ಅವರೆಕಾಯಿ ಸುಲಿಯುವಾಗ, ಮುಖಕ್ಕೆ ಮುಖ ಕೊಡದೆ ಕೈ ಕೆಲಸದಲ್ಲಿರುವಾಗ ಮಾತು ತಾನಾಗಿ ಬರುತ್ತದೆ. ‘ವ್ಯಾನಲ್ಲಿ ಯಾರ ಪಕ್ಕ ಯಾರು ಕೂರ್ತಾರೆ, ಬರೆದು ತೋರಿಸ್ತೀಯಾ?’ ಎಂದು ಹಾಳೆ ಪೆನ್ಸಿಲ್ ಕೊಡಿ. ತನ್ನನ್ನು ಎಲ್ಲಿ ಬರೆಯುತ್ತಾಳೆ, ಯಾರನ್ನು ಬರೆಯದೆ ಬಿಡುತ್ತಾಳೆ ನೋಡಿ. ‘ಆಮೇಲೆ?’ ಎನ್ನಿ, ಸುಮ್ಮನಿರಿ. ‘ಡ್ರೈವರ್ ಅಂಕಲ್ ಮುಟ್ಟಿದ್ನಾ?’ ಎಂದು ನೀವೇ ಹೆಸರಿಟ್ಟು ಕೇಳಬೇಡಿ. ತಾಯಿಯ ಮುಖ ನೋಡಿಕೊಂಡು ಮಗು ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಮುಂದೆ ಪೊಲೀಸರ ತನಕ ಹೋಗುವಂತಾದರೆ ಮಗುವಿನ ಬಾಯಲ್ಲಿ ತಾಯಿಯೇ ಮಾತು ಇಟ್ಟಳು ಎಂಬ ವಾದಕ್ಕೂ ಜಾಗ ಕೊಟ್ಟಂತಾಗುತ್ತದೆ.

ಏನಾದರೂ ಹೇಳಿದಳೆನ್ನಿ. ಎದೆ ಒಡೆದುಹೋದರೂ ಆ ಹೊತ್ತಿನಲ್ಲಿ ಚೀರಬೇಡಿ, ಅಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ನಿಂದೇನೂ ತಪ್ಪಿಲ್ಲ, ನಾನು ನೋಡ್ಕೋತೀನಿ’ ಎನ್ನಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ನಿಮ್ಮಿಂದ ಆಗುವುದಿಲ್ಲ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ, ತಾರೀಕು ಹಾಕಿ, ಅದೇ ರಾತ್ರಿ ಬರೆದಿಡಿ. ಅಜ್ಜಿ, ಅತ್ತೆ, ಟೀಚರ್ ಎಂದು ಒಬ್ಬೊಬ್ಬರ ಮುಂದೆಯೂ ಮತ್ತೆ ಮತ್ತೆ ಹೇಳಿಸಬೇಡಿ. ವಿಷಯ ಏನೆಂದು ತಿಳಿಯುವವರೆಗೆ ಅವಳನ್ನು ಆ ವ್ಯಾನಿಗೆ ಕಳಿಸಬೇಡಿ. ಎಷ್ಟು ತೊಂದರೆಯಾದರೂ ಸರಿ, ನೀವೇ ಬಿಟ್ಟು ಬನ್ನಿ.
– ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಾಗರ

ಅಕ್ಕಾ, ನಾನೂ ಸ್ಕೂಲ್ ವ್ಯಾನ್ ಓಡಿಸೋನು. ನಮ್ಮಂಥವರ ಬಗ್ಗೆ ಬರೆದಿರೋದ್ರಿಂದ ಉತ್ತರ ಬರೀಲೇಬೇಕು ಅನ್ನಿಸ್ತು. ನಿಮ್ಮ ಮಗಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತುತ್ತಾಳಾ? ಸಂಜೆ ಎಲ್ಲರೂ ಇಳಿದ ಮೇಲೆ ಇಳೀತಾಳಾ? ಇದನ್ನ ಮೊದಲು ತಿಳ್ಕೊಳ್ಳಿ. ಮೊದಲು ಹತ್ತೋ ಮಗು, ಕೊನೆಗೆ ಇಳಿಯೋ ಮಗು ಒಂದಷ್ಟು ದೂರ ಒಂಟಿಯಾಗಿರ್ತದೆ. ಆಯಾ ಇರಬೇಕಾದ್ದು ಆ ದೂರದಲ್ಲೇ. ಎಷ್ಟೋ ಕಡೆ ಏನಾಗ್ತದೆ ಅಂದ್ರೆ, ದಾರೀಲಿ ತನ್ನ ಮನೆ ಬಂತು ಅಂತ ಆಯಾ ಮೊದಲೇ ಇಳಿದುಬಿಡ್ತಾಳೆ. ‘ಆಯಾ ಇದ್ದಾರಾ’ ಅಂತ ಕೇಳಿದ್ರೆ ಸ್ಕೂಲಿನವರು ಇದ್ದಾರೆ ಅಂತಾರೆ. ‘ಕೊನೇ ಮಗು ಇಳಿಯೋವರೆಗೂ ಇರ್ತಾರಾ’ ಅಂತ ಕೇಳಿ.

ಒಂದಿನ ಹೇಳದೆ ಕೇಳದೆ ವ್ಯಾನಿಗೆ ಕಾಯಿರಿ, ನಾನೂ ಬರ್ತೀನಿ ಅಂತ ಹತ್ತಿ ಕೂತ್ಕೊಳ್ಳಿ. ಮರ್ಯಾದೆಯಿಂದ ಕೆಲಸ ಮಾಡೋ ಡ್ರೈವರ್ ಯಾರೂ ಬೇಡ ಅನ್ನಲ್ಲ. ಎಷ್ಟು ಮಕ್ಕಳನ್ನ ತುಂಬ್ತಾರೆ ನೋಡಿ. ಗೇರ್ ಪಕ್ಕ, ಎಂಜಿನ್ ಮೇಲೆ ಮಕ್ಕಳನ್ನ ಕೂರಿಸೋದು ಬೇಡವೇ ಬೇಡ. ಗಾಡಿ ಹಳದಿ ಬಣ್ಣ ಇರಬೇಕು, ಸ್ಕೂಲಿನ ಹೆಸರು, ಫೋನ್ ನಂಬರ್ ಬರೆದಿರಬೇಕು, ಸ್ಪೀಡ್ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಬಿಳಿ ನಂಬರ್ ಪ್ಲೇಟಿನ ಸ್ವಂತ ಬಳಕೆ ಗಾಡೀಲಿ ಬಾಡಿಗೆಗೆ ಮಕ್ಕಳನ್ನ ಕರ್ಕೊಂಡು ಹೋಗೋದು ಕಾನೂನಿಗೆ ವಿರುದ್ಧ, ಅಪಘಾತವಾದ್ರೆ ವಿಮೆ ಸಿಗೋದೂ ಕಷ್ಟ. ತಿಂಗಳಿಗೆ ಇನ್ನೂರು ಮುನ್ನೂರು ಉಳೀತದೆ ಅಂತ ಅಂಥದ್ದಕ್ಕೆ ಹಾಕಬೇಡಿ.

ಇನ್ನೊಂದು ಮಾತು. ಎಲ್ಲಾ ಮಕ್ಕಳು ಇಳಿದ ಮೇಲೆ ಡ್ರೈವರ್ ಕೊನೇ ಸೀಟಿನವರೆಗೂ ನಡೆದು, ಬಗ್ಗಿ ನೋಡಬೇಕು. ನಿದ್ದೆ ಹೋದ ಪುಟ್ಟ ಮಗು ಬೀಗ ಹಾಕಿದ ಗಾಡೀಲಿ ಉಳಿದುಹೋದ್ರೆ, ಬಿಸಿಲಲ್ಲಿ ಜೀವಕ್ಕೇ ಸಂಚಕಾರ. ನಿಮ್ಮ ಗಾಡಿಯವರು ಹಾಗೆ ನೋಡ್ತಾರಾ ಅಂತ ವಿಚಾರಿಸಿ.
– ವ್ಯಾನ್ ಚಾಲಕ, ಮಂಡ್ಯ

ಈ ತಾಯಿಯ ಅತ್ತಿಯವರಿಗೆ ಎರಡು ಮಾತು. ಅಕ್ಕಾರ, ನಾನೂ ಮೊಮ್ಮಕ್ಕಳನ್ನ ಆಡಿಸಾಕಿ. ಸುದ್ದಿ ಆದ್ರ ಮನಿ ಮರ್ಯಾದಿ ಹೋಗತೈತಿ ಅಂತ ನಮ್ಮ ಕಾಲದಾಗ ಹುಡುಗ್ಯಾರ ಬಾಯಿ ಮುಚ್ಚಸ್ತಿದ್ರು. ಅದರಿಂದ ಯಾರಿಗೆ ಛಲೋ ಆತು ಹೇಳ್ರಿ? ತಪ್ಪು ಮಾಡಿದಾಂವಗ ಆತು. ಕೂಸು ಏನು ತಪ್ಪು ಮಾಡೇತಿ, ಅದರ ಮರ್ಯಾದಿ ಯಾಕ ಹೋಗಬೇಕು? ರಾತ್ರಿ ಆಕಿನ್ನ ನಿಮ್ಮ ಮಗ್ಗಲದಾಗ ಮಲಗಿಸ್ಕೊರಿ, ತಲಿ ಸವರ್ರಿ. ಅವ್ವಗ ಹೇಳಲಾರದ್ದನ್ನ ಮಕ್ಕಳು ಅಜ್ಜಿಗೆ ಹೇಳತಾವ. ಸೊಸಿ ಸಾಲಿಗೆ ಹೊಂಟ್ರ ಒಬ್ಬಾಕಿನ್ನ ಕಳಸಬ್ಯಾಡ್ರಿ, ನೀವೂ ಹೋಗ್ರಿ. ಹಿರೇರು ಜೋಡಿ ನಿಂತ್ರ ಎದುರಿನವರು ಹಗರ ಮಾತಾಡೂದಿಲ್ಲ.
– ಒಬ್ಬ ಅಜ್ಜಿ, ಗದಗ

ಸೋದರಿಯವರೇ, ಎಲ್ಲರೂ ವ್ಯಾನಿನ ಡ್ರೈವರ್ ಕಡೆಗೇ ಬೆರಳು ತೋರಿಸುವ ಮೊದಲು ಇತರ ಸಾಧ್ಯತೆಗಳನ್ನೂ ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಾನು ಮೂರನೇ ತರಗತಿಗೇ ಪಾಠ ಮಾಡುವವಳು. ವ್ಯಾನಿನಲ್ಲಿ ದೊಡ್ಡ ತರಗತಿಯ ಮಕ್ಕಳ ಕಾಟ ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು. ಟಿಫನ್ ಕಿತ್ತುಕೊಳ್ಳುವುದು, ಬಣ್ಣ ಹಿಡಿದು ಅಡ್ಡಹೆಸರು ಕೂಗುವುದು, ಫೋನಿನಲ್ಲಿ ನೋಡಬಾರದ್ದನ್ನು ತೋರಿಸಿ ‘ಮನೇಲಿ ಹೇಳಿದ್ರೆ ನೋಡು’ ಎಂದು ಹೆದರಿಸುವುದು, ಎಲ್ಲವೂ ನಡೆಯುತ್ತದೆ. ತರಗತಿಯಲ್ಲಿ ಯಾರಾದರೂ ಹೊಡೆಯುತ್ತಿರಬಹುದು, ಎಲ್ಲರೆದುರು ಓದಿಸಿ ನಗಿಸುತ್ತಿರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ‘ಒಂದೇಟು ಕೊಟ್ಟರೆ ತಪ್ಪೇನು’ ಎನ್ನುವ ಸಹೋದ್ಯೋಗಿಗಳು ಇವತ್ತಿಗೂ ಇದ್ದಾರೆ, ಹಾಗೆನ್ನುವ ಪೋಷಕರೂ ಇದ್ದಾರೆ.

ಕ್ಯಾಲೆಂಡರಿನಲ್ಲಿ ನೋವು ಬಂದ ದಿನಗಳಿಗೆ ಗುರುತು ಹಾಕಿ, ಪಕ್ಕದಲ್ಲಿ ಅವಳ ಟೈಂಟೇಬಲ್ ಇಟ್ಟುಕೊಳ್ಳಿ. ಪಿ.ಟಿ. ಇರುವ ದಿನವೇ ಬರುತ್ತದೆಯೋ, ಟೆಸ್ಟಿನ ದಿನವೋ, ಹಳೇ ಡ್ರೈವರ್ ರಜೆಯಲ್ಲಿದ್ದು ಬದಲಿಯವನು ಬಂದ ದಿನವೋ ಗೊತ್ತಾಗುತ್ತದೆ. ‘ನನ್ನ ಮಗಳಿಗೆ ಭಯ’ ಎಂದಾಗ ನೆಪ ಎಂದ ಶಾಲೆಯವರಿಗೆ ಈ ಗುರುತುಗಳನ್ನು ಅಲ್ಲಗಳೆಯುವುದು ಸುಲಭವಲ್ಲ.
– ಶಿಕ್ಷಕಿ, ಕೋಲಾರ

‘ನಾವೇ ಒಳಗೊಳಗೆ ವಿಚಾರಣೆ ಮಾಡುತ್ತೇವೆ, ನಾಲ್ಕು ದಿನ ಕಾಯಿರಿ’ ಎಂದು ಶಾಲೆಯವರು ಹೇಳಬಹುದು. ಟಿಫನ್ ಕಿತ್ತುಕೊಂಡ ವಿಷಯವಾದರೆ ಕಾಯಿರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಸುಳಿವು ಸಿಕ್ಕರೆ ಒಂದು ದಿನವೂ ಕಾಯಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ ಇಂಥ ಕೃತ್ಯ ನಡೆದಿರುವುದು ಯಾರಿಗೇ ತಿಳಿದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಶಾಲೆಯ ಹೆಸರು ಕೆಡುತ್ತದೆ ಎಂಬುದು ಕಾನೂನಿನ ಕಣ್ಣಲ್ಲಿ ಕಾರಣವೇ ಅಲ್ಲ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಎಂಬ ರಕ್ಷಣೆಯೂ ಅದೇ 19ನೇ ಸೆಕ್ಷನ್‌ನಲ್ಲಿದೆ.

ಠಾಣೆ ಎಂದರೆ ತಾಯಂದಿರು ಹೆದರುತ್ತಾರೆ. ಮಗುವನ್ನು ಠಾಣೆಗೆ ಎಳೆದೊಯ್ಯುವ ಅಗತ್ಯವೇ ಇಲ್ಲ. ಹೇಳಿಕೆಯನ್ನು ನಿಮ್ಮ ಮನೆಯಲ್ಲಿ ಅಥವಾ ಮಗು ಒಪ್ಪುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರಬಾರದು. ಹೆಣ್ಣುಮಗುವಿನ ವೈದ್ಯಕೀಯ ತಪಾಸಣೆಯನ್ನು ವೈದ್ಯೆಯೇ ಮಾಡಬೇಕು, ಪಕ್ಕದಲ್ಲಿ ತಂದೆ, ತಾಯಿ ಅಥವಾ ಮಗು ನಂಬುವ ಒಬ್ಬರು ಇರಬೇಕು. ಮಗುವಿನ ಹೆಸರು, ಫೋಟೊ, ಶಾಲೆ, ಮನೆಯ ಗುರುತು ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಊರೆಲ್ಲ ಸುದ್ದಿಯಾಗುತ್ತದೆ ಎಂಬ ನಿಮ್ಮ ಅತ್ತೆಯವರ ಭಯಕ್ಕೆ ಕಾನೂನು ಕೊಟ್ಟಿರುವ ಉತ್ತರ ಇದು.

2014ರ ಜುಲೈಯಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರವಾದ ಸುದ್ದಿ ಬಂದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಶಾಲೆಗಳಲ್ಲಿ ಸಿಸಿಟಿವಿ, ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ ಇವೆಲ್ಲ ಗಟ್ಟಿಯಾಗಿ ಕೇಳಿಬಂದದ್ದು ಆಗಲೇ. ನಿಮ್ಮ ಶಾಲೆಯ ಚಾಲಕ, ಆಯಾ, ವಾಚ್‌ಮನ್ ಇವರ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ಕೇಳುವುದಕ್ಕೆ ನಿಮಗೆ ಯಾವ ಸಂಕೋಚವೂ ಬೇಡ. ದಿಕ್ಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವೂ ಮಕ್ಕಳ ಕಲ್ಯಾಣ ಸಮಿತಿಯೂ ಇವೆ.
– ವಕೀಲೆ, ಧಾರವಾಡ

ಈ ಪುಟವನ್ನು ನಿಮ್ಮ ಯಜಮಾನರಿಗೆ ಫೋಟೊ ತೆಗೆದು ಕಳಿಸಿ. ನಾನೂ ಮನೆಯಿಂದ ದೂರ ದುಡಿಯುವ ತಂದೆ. ಸ್ವಾಮಿ, ವಿಡಿಯೊ ಕಾಲ್‌ನಲ್ಲಿ ‘ಮಾರ್ಕ್ಸ್ ಎಷ್ಟು’ ಎಂದು ಕೇಳುವುದು ಬಿಡಿ. ಇವತ್ತು ಯಾರ ಜೊತೆ ಆಡಿದೆ, ಯಾರು ನಗಿಸಿದರು, ಯಾರ ಮೇಲೆ ಸಿಟ್ಟು ಬಂತು ಎಂದು ಕೇಳಿ. ಎರಡು ದಿನ ರಜೆ ಹಾಕಿ ಬನ್ನಿ. ಪುಣೆ ದೂರವೇನಲ್ಲ. ತಂದೆ ಎದುರು ಕೂತರೆ ಕೆಲವು ಶಾಲೆಗಳವರ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಹಾಗಾಗಬಾರದು, ಆದರೆ ಆಗುತ್ತದೆ.
– ಉಡುಪಿ ಮೂಲದ ಓದುಗ, ಮಸ್ಕತ್

ನಮ್ಮದು ಸರ್ಕಾರಿ ಶಾಲೆ, ನಾನು ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯ. ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಂಜೆ ನಾವು ಬರೋ ದಾರೀಲಿ ಸಾರಾಯಿ ಕುಡಿದು ಕೂತಿರ್ತಾರೆ, ನಮಗೆ ಭಯ ಆಗುತ್ತೆ’ ಎಂದಳು. ಅಲ್ಲಿ ಕೂತಿದ್ದ ದೊಡ್ಡವರೆಲ್ಲ ದಿನಾ ಓಡಾಡುವ ದಾರಿ ಅದು. ನಮ್ಮಲ್ಲಿ ಒಬ್ಬರೂ ಅದನ್ನು ಎತ್ತಿರಲಿಲ್ಲ. ಆಮೇಲೆ ಅಲ್ಲಿಗೆ ಬೀದಿದೀಪ ಬಂತು, ಬೀಟ್ ಪೊಲೀಸರು ಸಂಜೆ ಒಂದು ಸುತ್ತು ಬರತೊಡಗಿದರು. ಮಕ್ಕಳಿಗೆ ಮಾತಾಡಲು ಜಾಗ ಮಾಡಿಕೊಟ್ಟರೆ ಅವರೇ ಹೇಳುತ್ತಾರೆ ಎಂದು ನಾನು ನಂಬುವುದು ಇದನ್ನು ಕಂಡಮೇಲೆ.

ನಿಮ್ಮದು ಖಾಸಗಿ ಶಾಲೆ ಎಂದು ಪತ್ರದಿಂದ ತೋರುತ್ತದೆ. ಅಲ್ಲಿ ನೀವು ಒಬ್ಬರೇ ಹೋಗಿ ಬಾಯಿಮಾತಲ್ಲಿ ಕೇಳಿದಿರಿ, ಅವರು ಬಾಯಿಮಾತಲ್ಲೇ ಕಳಿಸಿದರು. ಅದೇ ವ್ಯಾನಿಗೆ ಮಕ್ಕಳನ್ನು ಹತ್ತಿಸುವ ತಾಯಂದಿರ ಜೊತೆ ಮಾತಾಡಿ. ನಿಮ್ಮ ಮಗಳ ವಿಷಯವನ್ನೆಲ್ಲ ಬಿಚ್ಚಿಡಬೇಕಿಲ್ಲ, ‘ನಿಮ್ಮ ಮಗು ವ್ಯಾನಿನ ಬಗ್ಗೆ ಏನಾದರೂ ಹೇಳುತ್ತಾ’ ಎಂದಷ್ಟೇ ಕೇಳಿ. ಇನ್ನೊಂದು ಮನೆಯಲ್ಲೂ ಬೆಳಗ್ಗೆ ಹೊಟ್ಟೆನೋವು ಇದ್ದರೆ ಆಶ್ಚರ್ಯಪಡಬೇಡಿ. ಆಮೇಲೆ ಎಲ್ಲರೂ ಸಹಿ ಹಾಕಿ ಒಂದು ಅರ್ಜಿ ಬರೆಯಿರಿ: ಕೊನೇ ಮಗು ಇಳಿಯುವವರೆಗೆ ಆಯಾ ಇರಬೇಕು, ದೊಡ್ಡ ಮಕ್ಕಳು ಚಿಕ್ಕವರು ಬೇರೆ ಬೇರೆ ಸಾಲಿನಲ್ಲಿ ಕೂರಬೇಕು, ವ್ಯಾನಿನಲ್ಲಿ ಮಕ್ಕಳ ಕೈಗೆ ಫೋನ್ ಕೊಡಬಾರದು, ಬದಲಿ ಚಾಲಕ ಬರುವುದಿದ್ದರೆ ಮೊದಲೇ ಮೆಸೇಜ್ ಬರಬೇಕು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಲೆಯ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಉತ್ತರ ಬಾರದಿದ್ದರೆ ಅದರ ಜೆರಾಕ್ಸ್ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಡಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ, ಪೋಸ್ಟಿನಲ್ಲಿ ಕಳಿಸಿದರೂ ದೂರು ತೆಗೆದುಕೊಳ್ಳುತ್ತಾರೆ.

ಮಗಳ ಭಯ ಇಳಿಯದಿದ್ದರೆ, ಅಥವಾ ನಿಮಗೇ ತಡೆಯಲಾಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.
– ಎಸ್‌ಡಿಎಂಸಿ ಸದಸ್ಯ, ಚಾಮರಾಜನಗರ ಜಿಲ್ಲೆ