ಅಪ್‌ಡೇಟ್: ಅಣ್ಣನ ಕುಡಿತದ ವಿಷಯ (ಕೋಲಾರ)

ಅಣ್ಣನ ಕುಡಿತ ಬಿಡಿಸೋದು ಹೇಗೆ ಅಂತ ಕೇಳಿದ್ದೆನಲ್ಲ, ಕೈ ಹಿಡಿದಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ ಅಂದವರ ಸಲಹೆ. ಕನ್ನಡದಲ್ಲೇ ಮಾತಾಡಿ ಮನೋವೈದ್ಯರ ಹತ್ರ ಕಳಿಸಿದ್ರು. ದೇವರ ಮುಂದೆ ಮಾಡಿಸಿದ ಆಣೆ ಸಂತೆ ದಿನಕ್ಕೇ ಮುರೀತು. ಊಟದಲ್ಲಿ ಗುಟ್ಟಾಗಿ ಕುಡಿತ ಬಿಡಿಸೋ ಪುಡಿ ಬೆರೆಸೋದಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ (ಮದ್ಯ ಮೈಗೆ ಒಗ್ಗದಂತೆ ಮಾಡೋ ಔಷಧಿ) ಇರಬಹುದು, ಅದರ ಮೇಲೆ ಕುಡಿದರೆ ಜೀವಕ್ಕೇ ಅಪಾಯ ಆಗಬಹುದು.

ನನಗೆ ಹೊಸದು ಅನ್ನಿಸಿದ್ದು: ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಕೈನಡುಕ, ಫಿಟ್ಸ್ ಬರಬಹುದು. ಅದಕ್ಕೇ ಅಡ್ಮಿಟ್ ಮಾಡ್ಕೊಂಡ್ರು. ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೂಡ ಕೊಟ್ರು, ಆಮೇಲೆ ಕುಡಿಯೋ ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್ ಮಾತ್ರೆ. ಕುಡೀಬೇಕು ಅನ್ನಿಸಿದಾಗ ಅರ್ಧ ಗಂಟೆ ತಳ್ಳು, ತಾನೇ ಇಳಿಯುತ್ತೆ ಅಂದ್ರು ಕೌನ್ಸೆಲರ್. ಟೊಮೆಟೊ ಮಂಡಿಯಲ್ಲಿ ದುಡ್ಡು ಕೈಗೆ ಬಂದ ಹೊತ್ತೇ ಅವನಿಗೆ ಕಷ್ಟ. ಈಗ ಹಣ ನೇರ ಅತ್ತಿಗೆ ಖಾತೆಗೆ, ಅವನು ಮಜ್ಜಿಗೆ ಕುಡಿದು ಸೀದಾ ಮನೆಗೆ. ಗೊಣಗ್ತಾನೆ, ಗೊಣಗಲಿ.