ಯಾವ ಡ್ರಮ್ಮರ್‌ನ ಇಟ್ಕೋಬೇಕು ಅಂತ ಕೇಳಿದ್ದಿಯಲ್ಲ, ತಮ್ಮಾ

ತಮ್ಮಾ, ನೀ ಗುಂಪಿನ್ಯಾಗ ಹಾಕಿದ್ದು ನೋಡಿದೆ. ಕೊಪ್ಪಳದಾಗ ನಿಮ್ಮ ಆರ್ಕೆಸ್ಟ್ರಾಕ್ಕ ಇಬ್ರು ಡ್ರಮ್ಮರ್ ಬಂದು ಒಂದ ಹಾಡು ಬಾರಿಸಿ ತೋರಿಸ್ಯಾರ, ಬೇಸ್ ಗಿಟಾರ್ ಹಿಡದಾಂವ ನೀನು, ಇಬ್ರೊಳಗ ಯಾರನ್ನ ಇಟ್ಕೋಬೇಕು ಅಂತ ಕೇಳಿದ್ದಿ. ಎರಡೂ ರೆಕಾರ್ಡಿಂಗ್ ಕೇಳಿದೆ. ಗುಂಪಿನ್ಯಾಗ ಎಲ್ಲಾರೂ ಮೊದಲನೇ ಹುಡುಗನ್ನ ಮೆಚ್ಚ್ಯಾರ. ಅವನ ಕೈ ಖರೇನ ಛಲೋ ಓಡತೈತಿ. ಆದ್ರ ಬೇಸ್ ಬಾರಸಾವಂಗ ಬೇಕಾದಾಂವ ಎರಡನೇದಾಂವ. ಯಾಕ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗತೈತಿ. ಮತ್ತ ಉಳದಾವ್ರೂ ಒಂದ ಕೆಲಸ ಮಾಡ್ರಿ: ಫೋನಿನ ಸ್ಪೀಕರಿನ್ಯಾಗ ಕೇಳಿ ತೀರ್ಮಾನ ಹೇಳಬ್ಯಾಡ್ರಿ. ಅಷ್ಟ ಸಣ್ಣ ಸ್ಪೀಕರಿನ್ಯಾಗ ಕಿಕ್ಕೂ (ಕಾಲಿಲೆ ಬಾರಸೋ ದೊಡ್ಡ ಡ್ರಮ್) ಬರಂಗಿಲ್ಲ, ಬೇಸೂ ಬರಂಗಿಲ್ಲ, ಬರೇ ಸ್ನೇರು (ಕೋಲಿಲೆ ಬಾರಸೋ ಚುರುಕು ಸದ್ದಿನ ಡ್ರಮ್), ಸಿಂಬಲ್ಲು (ಲೋಹದ ತಾಟು) ಕೇಳತಾವ. ಹೆಡ್‌ಫೋನ್ ಹಾಕ್ಕೊಂಡು ಇನ್ನೊಮ್ಮೆ ಕೇಳ್ರಿ.

ಬೇಸಿನ ದಪ್ಪ ತಂತಿ, ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ನಡುಗತೈತಿ. ಒಂದ ಸುತ್ತು ಮುಗಿಯಾಕ 24 ಮಿಲಿಸೆಕೆಂಡ್ ಹಿಡೀತೈತಿ. ಇದು ಯಾವ ಸ್ವರ ಅಂತ ಕಿವಿಗೆ ಗುರ್ತ ಸಿಗಾಕ ಅಂಥಾ ಒಂದೆರಡು ಸುತ್ತರ ಆಗಬೇಕು. ಅದಕ್ಕ ಬೇಸ್ ಸ್ವರಕ್ಕ ಮೈ ಐತಿ, ಅಂಚು ಕಡಿಮಿ. ಆ ಅಂಚು ಕೊಡೋದು ಕಿಕ್. ಕಿಕ್‌ಗೆ ಅಂಚು ಐತಿ, ಆದ್ರ ಶ್ರುತಿ ಇಲ್ಲ, ಹೊಡದಕೂಡ್ಲೆ ಸಾಯತೈತಿ. ಎರಡೂ ಒಂದ ಗಳಿಗ್ಯಾಗ ಬಿದ್ರ ಕೇಳಾವ್ರಿಗೆ ಅದು ಎರಡು ವಾದ್ಯ ಅಲ್ಲ, ಒಂದ ವಾದ್ಯ. ಕಿಕ್ 30 ಮಿಲಿಸೆಕೆಂಡ್ ಹಿಂದು ಮುಂದಾದ್ರ ಆ ದಪ್ಪ ಹೊಡೆತ ಒಡದು ಎರಡು ತೆಳುವು ಆಗತಾವ. ಆಗ ಮಂದಿ ‘ಸೌಂಡ್ ಸರಿ ಇಲ್ಲ’ ಅಂತಾರ, ಸೌಂಡಿನ ಹುಡುಗ ಪಾಪ ಈಕ್ವಲೈಸರ್ ತಿರುವಿಕೋತ ಕೂಡತಾನ. ತಪ್ಪು ಅಲ್ಲಿರಂಗಿಲ್ಲ, ಡ್ರಮ್ಮರಿನ ಬಲಗಾಲಿನ್ಯಾಗ ಇರತೈತಿ. ಇಲ್ಲಂದ್ರ ನಿನ್ನ ಬೆರಳಿನ್ಯಾಗ.

ಹಿಂಗಾಗಿ ಡ್ರಮ್ಮರ್‌ನ ನೋಡುವಾಗ ಕೈ ನೋಡಬ್ಯಾಡ, ಕಾಲು ಕೇಳು. ಮೊದಲನೇ ರೆಕಾರ್ಡಿಂಗಿನ್ಯಾಗ ಚರಣದ ಎಂಟು ಆವರ್ತ ಎಣಿಸು. ಹಾಡಿನ ಟೆಂಪೋ 96, ನಿಮಿಷಕ್ಕ 96 ಎಣಿಕಿ, ಅಂದ್ರ ನಾಕು ಎಣಿಕಿಯ ಒಂದು ಆವರ್ತಕ್ಕ ಎರಡೂವರೆ ಸೆಕೆಂಡ್, ಎಂಟಕ್ಕ 20 ಸೆಕೆಂಡ್. ಆ 20 ಸೆಕೆಂಡಿನ್ಯಾಗ ಅವನ ಕಿಕ್ ಐದು ನಮೂನಿ ಬದಲಾಗೈತಿ. ಒಂದೊಂದೂ ಚಂದ ಅದಾವ, ಆದ್ರ ಮುಂದಿನ ಕಿಕ್ ಎಲ್ಲಿ ಬೀಳತೈತಿ ಅಂತ ನಿನಗ ಮೊದಲ ಗೊತ್ತಾಗಂಗಿಲ್ಲ. ಗೊತ್ತಾಗಬೇಕಪಾ. ಬೆರಳು ತಂತಿ ಮ್ಯಾಲ ಮೊದಲ ಹೋಗಿ ಕೂತಿರಬೇಕು, ಕಿಕ್ ಕೇಳಿ ಆಮ್ಯಾಲ ಮಿಡದ್ರ ತಡಾ ಆಗಿಬಿಟ್ಟಿರತೈತಿ. ಅವನ ಜೊತಿ ನೀ ಅಟ್ಟಿಸಿಕೊಂಡು ಓಡಿದಂಗ ಕೇಳತೈತಿ, ಅದು ನಿನ್ನ ದೋಷ ಅಲ್ಲ. ಎರಡನೇದಾಂವ ಪಲ್ಲವಿಗೆ ಒಂದ ನಮೂನಿ, ಚರಣಕ್ಕ ಒಂದ ನಮೂನಿ ಹಿಡದಾನ, ಕೊನೀತನಕ ಬಿಟ್ಟಿಲ್ಲ. ಅಲ್ಲಿ ನಿನ್ನ ಕೈಗೂ ಧೈರ್ಯ ಬಂದೈತಿ. ಎರಡನೇ ಚರಣದಾಗ ನೀ ಮ್ಯಾಲಿನ ಸ್ವರಕ್ಕ ಹೋಗಿ ಇಳದ್ಯಲ್ಲ, ಅದು ಅವನಿಂದ ಬಂದದ್ದು. ಅಂವ ಜಾಗಾ ಕದಲದ ನಿಂತಿದ್ದಕ್ಕ ನೀ ತಿರುಗ್ಯಾಡಿ ಬರಾಕಾತು. ಮೊಹರಮ್ ಅಲಾಯಿ ಕುಣಿತದಾಗ ಹಲಗಿ ಕೇಳು: ಮೂಲ ಪೆಟ್ಟು ಹಿಡದಾಂವ ಅದನ್ನ ಬಿಡಂಗಿಲ್ಲ, ಉಳದಾವ್ರ ಆಟ ಎಲ್ಲಾ ಅವನ ಮ್ಯಾಲ ನಡೀತೈತಿ.

ಲಯ ಓಡೋದು ಎರಡನೇ ವಿಷಯ. ಟೆಂಪೋ ತೋರಸೋ ಆ್ಯಪ್ ತಗದು ಬೆರಳಿಲೆ ತಟ್ಟಿ ನೋಡು. ಮೊದಲನೇದಾಂವ 96ಕ್ಕ ಸುರು ಮಾಡ್ಯಾನ, ಮೊದಲ ರೋಲ್ (ಸಾಲಿನ ಸಂದಿನ್ಯಾಗ ಡ್ರಮ್ಮುಗಳ ಮ್ಯಾಲ ಉರುಳಿಸಿ ಬಾರಸೋದು) ಮುಗಿಯೂದ್ರಾಗ 99, ಹಾಡು ಮುಗಿಯೂದ್ರಾಗ 104. ಹೆಚ್ಚಿನ ಮಂದಿ ಓಡೋದು ರೋಲಿನ್ಯಾಗ. ಯಾಕಂದ್ರ ರೋಲ್ ಸುರು ಆದಕೂಡ್ಲೆ ಹೈ-ಹ್ಯಾಟ್ (ಪೆಡಲ್ ಇರೋ ಜೋಡಿ ತಾಟು) ನಿಲ್ಲತೈತಿ, ಅಲ್ಲಿತನಕ ಎಣಿಕಿ ಹಿಡದಿದ್ದ ಕೈ ಟಾಮ್ ಅನ್ನೋ ಡ್ರಮ್ಮುಗಳ ಮ್ಯಾಲ ಹೋಗತೈತಿ, ಉಮೇದಿ ಬರತೈತಿ. ಎಡಗಾಲಿನ ಹೈ-ಹ್ಯಾಟ್ ಪೆಡಲ್ ರೋಲಿನ್ಯಾಗೂ 2 ಮತ್ತ 4ನೇ ಎಣಿಕಿಗೆ ಬಡೀತಿದ್ರ ಓಟ ಅರ್ಧ ಕಡಿಮಿ ಆಗತೈತಿ. ರೋಲ್ ಮುಗದು ಸಮಕ್ಕ, ಅಂದ್ರ 1ನೇ ಎಣಿಕಿಗೆ ಬಂದಾಗ ಕ್ರ್ಯಾಶ್ (ದೊಡ್ಡ ತಾಟು) ಜೊತಿ ಕಿಕ್ ಬೀಳಲೇಬೇಕು. ಬರೇ ಕ್ರ್ಯಾಶ್ ಹೊಡದು ಕಿಕ್ ಬಿಟ್ರ ಅಲ್ಲಿ ಬೇಸ್ ಒಬ್ಬಂಟಿ ಆಗತೈತಿ, ನೆಲ ಜಾರಿದಂಗ ಕೇಳತೈತಿ. ಇನ್ನೊಂದು, ಹಾಡಾವ್ರ ಸಾಲಿನ ಕೊನೀ ಅಕ್ಷರದ ಮ್ಯಾಲ ರೋಲ್ ಹಾಕಬಾರದು. ಅವ್ರು ಉಸಿರು ತಗೊಳ್ಳೋ ಸಂದಿನ್ಯಾಗ ಹಾಕಬೇಕು, ಅರ್ಧ ಆವರ್ತ ಸಾಕು.

ಈಗ ಸ್ವರ ಎಲ್ಲಿ ಮುಗೀಬೇಕು ಅನ್ನೋದು. ಇದನ್ನ ಬಾಳ ಮಂದಿ ವಿಚಾರ ಮಾಡಂಗಿಲ್ಲ, ನನ್ನ ಲೆಕ್ಕದಾಗ ಬೇಸಿನ ಅರ್ಧ ರುಚಿ ಇಲ್ಲೇ ಐತಿ. 1ಕ್ಕ ಮಿಡದ ಸ್ವರ 2ರ ಸ್ನೇರ್ ಬಿದ್ದಕೂಡ್ಲೆ ನಿಂತ್ರ ಹಾಡು ನಡೀತೈತಿ. ಸ್ನೇರ್ ದಾಟಿ ಗುಂಯ್‌ಗುಟ್ಟಿಕೋತ ಹೋದ್ರ ಹಾಡು ಕೆಸರಿನ್ಯಾಗ ಕಾಲಿಟ್ಟಂಗ ಆಗತೈತಿ. ಎರಡನೇ ರೆಕಾರ್ಡಿಂಗಿನ್ಯಾಗ ನೀ ಇದನ್ನ ತಪ್ಪಿದ್ದಿ, ಪಲ್ಲವಿಯೊಳಗ ಎಡಗೈ ಬೆರಳು ಎತ್ತೂದು ತಡಾ. ಬೆರಳು ಪೂರ್ತಿ ಎತ್ತಬ್ಯಾಡ, ಒತ್ತಿದ್ದನ್ನಷ್ಟ ಸಡಿಲ ಬಿಡು, ತಂತಿ ಸುಮ್ಮನಾಗತೈತಿ. ಡ್ರಮ್ಮರ್ ಸ್ನೇರ್ 2ಕ್ಕೂ 4ಕ್ಕೂ ಒಂದ ತೂಕದಾಗ ಹೊಡದ್ರ ನಿನಗ ಇದು ತಾನ ಬರತೈತಿ. ಅಂವ ನಡಕ ಹಾಕೋ ಸಣ್ಣ ಪೆಟ್ಟು, ಗೋಸ್ಟ್ ನೋಟ್ ಅಂತಾರಲ್ಲ, ಅವು ಪಿಸುಮಾತಿನಂಗ ಇರಬೇಕು. ಅವೂ ಜೋರಾದ್ರ ಸ್ವರ ಎಲ್ಲಿ ಕತ್ತರಸೂದು ಅಂತ ಬೆರಳಿಗೆ ತಿಳಿಯಂಗಿಲ್ಲ.

ನಿಮ್ಮ ಕಾರ್ಯಕ್ರಮದಾಗ ಬರೇ ಸಿನಿಮಾ ಹಾಡಿರಂಗಿಲ್ಲ. ತತ್ವಪದ ಕೇಳತಾರ, ರಾಯಚೂರು ಕಡೆ ಹೋದ್ರ ದಾಸರ ಪದ ಕೇಳೇ ಕೇಳತಾರ. ಅಲ್ಲಿ ತಬಲಾ ಇರತೈತಿ, ಡ್ರಮ್ಮರ್ ತಬಲಾದ ಡಗ್ಗಾ (ದಪ್ಪ ಸದ್ದಿನ ಭಾಗ) ಕೇಳಬೇಕು. ಎಂಟು ಮಾತ್ರಿಯ ಕೆಹರ್ವಾ ತಾಳ ತಗೋ: ಧಾ ಗೆ ನ ತಿ, ನ ಕ ಧಿ ನ. ಡಗ್ಗಾ ತೆರದು ನುಡಿಯೂದು 1, 2, 7ಕ್ಕ. 3ರಿಂದ 6ರ ತನಕ ಅದು ಮುಚ್ಚಿರತೈತಿ. ಕಿಕ್ ಮತ್ತ ಬೇಸ್ 1ಕ್ಕೂ 7ಕ್ಕೂ ಕೂಡಿ ಬಿದ್ರ ಮೂರೂ ಒಂದ ಮೈ ಆಗತಾವ. ನಡಕ ಕಿಕ್ ತುಂಬಿದ್ರ ಡಗ್ಗಾ ಮುಳುಗಿ ಹೋಗತೈತಿ. ರೂಪಕ ಇನ್ನೂ ನಾಜೂಕು: ತೀ ತೀ ನಾ, ಧಿ ನಾ, ಧಿ ನಾ, ಏಳು ಮಾತ್ರಿ. ಅಲ್ಲಿ ಸಮಕ್ಕ ಖಾಲಿ, ಅಂದ್ರ ಡಗ್ಗಾ ಸುಮ್ಮನಿರೋ ಜಾಗಾ, ಅದು ನುಡಿಯೂದ 4ಕ್ಕ ಮತ್ತ 6ಕ್ಕ. 1ಕ್ಕ ಕಿಕ್ ಬಾರಿಸಿ ರೂಢಿ ಆದಾಂವ ಅಲ್ಲಿ ಧಡ್ ಅಂತ ಇಟ್ಟಾಂದ್ರ ಪದದ ಜೀವ ಹೋತು. 1ಕ್ಕ ಹೈ-ಹ್ಯಾಟ್ ಹಗುರಕ, ನೀ ಷಡ್ಜ ಮೆಲ್ಲಕ, 4 ಮತ್ತ 6ಕ್ಕ ಕಿಕ್ಕು ಬೇಸು ಕೂಡಿ. ಇಬ್ರಿಗೂ ರೂಪಕ ಕೊಟ್ಟು ನೋಡು. ಖಾಲಿನ ಖಾಲಿ ಬಿಡೂ ಮನುಷ್ಯಾ ಬೇರೆ ಎಲ್ಲಾ ಕಡೆನೂ ನಿನಗ ಜಾಗಾ ಬಿಡತಾನ.

ನಿಂದ್ರೂ ಜಾಗಾನೂ ಲೆಕ್ಕಕ್ಕ ಬರತೈತಿ. ಅವನ ಹೈ-ಹ್ಯಾಟ್ ಬದಿಗೆ, ಒಂದೂವರೆ ಮೀಟರ್ ಒಳಗ ನಿಂದ್ರು, ಅವನ ಬಲಗಾಲು ಕಾಣಬೇಕು. ಜಾತ್ರಿ ಸ್ಟೇಜ್ ಅಗಲ ಇರತೈತಿ, ಚಂದ ಕಾಣಲಿ ಅಂತ ನಿನ್ನ ಆ ತುದಿಗೆ ನಿಂದ್ರಸ್ತಾರ. ಹತ್ತು ಮೀಟರ್ ದೂರ ನಿಂತ್ರ ಸದ್ದು ಬರಾಕ ಸುಮಾರು 29 ಮಿಲಿಸೆಕೆಂಡ್, ಅಷ್ಟರಾಗ ಹೊಡೆತ ಒಡೀತು. ಒಪ್ಪಬ್ಯಾಡ.

ಕಿಕ್ ಗುಂಯ್ ಅಂತ ಉದ್ದ ನುಡೀತಿದ್ರ ಒಳಗ ಒಂದು ಸಣ್ಣ ದಿಂಬು ಇಲ್ಲಾ ಮಡಚಿದ ಕೌದಿ ಇಡ್ರಿ, ಎರಡೂ ಕಡಿ ಹೆಡ್ಡಿಗೆ (ಡ್ರಮ್ಮಿನ ಬಿಗದ ಮುಖಕ್ಕ) ಸ್ವಲ್ಪಷ್ಟ ತಾಗಬೇಕು. ತುಂಬ ತುರುಕಿದ್ರ ರಟ್ಟಿನ ಡಬ್ಬಿ ಬಡದಂಗ ಆಗತೈತಿ. ಅಂವ ಆಕ್ಟೋಪ್ಯಾಡ್ (ಕೋಲಿಲೆ ಬಾರಸೋ ಎಲೆಕ್ಟ್ರಾನಿಕ್ ಪ್ಯಾಡ್) ತಂದ್ರ ಕಿಕ್ಕೂ ಬೇಸೂ ಒಂದ ಸ್ಪೀಕರಿನಿಂದ ಬರತಾವ, ಗಜಿಬಿಜಿ ಹೆಚ್ಚು. ಆಗ ಗಿಡ್ಡ ನುಡಿಯೂ ಕಿಕ್ ಆರಿಸು ಅಂತ ಹೇಳು, 60 ಹರ್ಟ್ಜ್ ಸುತ್ತ ಕಿಕ್‌ಗೆ ಬಿಡು, ನೀ 90ರ ಸುತ್ತ ಸ್ವಲ್ಪ ಏರಿಸು, 250ರ ಸುತ್ತ ಎರಡರದೂ ಸ್ವಲ್ಪ ಇಳಿಸ್ರಿ. ಮದುವಿ ಹಾಲಿನ್ಯಾಗ ಗ್ವಾಡಿ ನೆಲ ಎಲ್ಲಾ ಟೈಲ್ಸ್, ಅಲ್ಲಿ ಡ್ರಮ್ಮರ್ ಮೆತ್ತಗ ಬಾರಸದಿದ್ರ ಯಾವ ಈಕ್ವಲೈಸರೂ ಉಳಸಂಗಿಲ್ಲ.

ಈಗ ಶನಿವಾರ ಇಬ್ರನ್ನೂ ಇನ್ನೊಮ್ಮೆ ಕರಿ. ಹಾಡು ಬ್ಯಾಡ. ಮೊದಲ 60ರ ಟೆಂಪೋಕ್ಕ ಬರೇ ಕಿಕ್, ಸ್ನೇರ್, ಹೈ-ಹ್ಯಾಟ್, ಮೂರು ನಿಮಿಷ, ರೋಲ್ ಇಲ್ಲ, ನೀ ಜೊತಿಗೆ ಒಂದ ಸ್ವರ. ಬೇಸರಾಗಿ ಮೂರನೇ ನಿಮಿಷಕ್ಕ ಏನರ ತುಂಬಾಕ ಹತ್ತಿದ್ರ ಗಮನಿಸು. ಆಮ್ಯಾಲ ಟಿಕ್ ಟಿಕ್ ಅಂತ ಲಯ ತೋರಸೋ ಮೆಟ್ರೋನೋಮ್ 48ಕ್ಕ ಇಡು, ಆ ಟಿಕ್‌ನ 2 ಮತ್ತ 4 ಅಂತ ಹಿಡದು 96ರಾಗ ಬಾರಸ್ರಿ. ಅದು ಕೂತ್ರ ಎರಡು ಆವರ್ತ ಟಿಕ್, ಎರಡು ಆವರ್ತ ಮೌನ. ತಿರುಗಿ ಟಿಕ್ ಬಂದಾಗ ಕಿಕ್ ಅದರ ಮ್ಯಾಲ ಬಿದ್ದೈತೇನು ನೋಡು. ಕಡೀಕ ಅದ ನಮೂನಿ ಅರ್ಧ ಸದ್ದಿನ್ಯಾಗ ಬಾರಿಸು ಅನ್ನು. ಮೆತ್ತಗಾದಾಗ ನಿಧಾನ ಆಗದಾಂವ ಅಪರೂಪ, ಸಿಕ್ರ ಬಿಡಬ್ಯಾಡ. ಮೊದಲನೇ ಹುಡುಗ ಇದರಾಗ ಪಾಸಾದ್ರ ನಾ ಮಾತು ಬದಲಸ್ತೀನಿ, ಕೈ ಇದ್ದಾಂವಗ ಕಾಲು ಕಲಿಸಾಕ ಬರತೈತಿ, ಮನಸಿದ್ರ.

ರೆಕಾರ್ಡ್ ಮಾಡುವಾಗ ಫೋನ್ ಡ್ರಮ್ ಮುಂದ ಇಡಬ್ಯಾಡ, ಸ್ನೇರ್ ಎಲ್ಲಾನೂ ಹೊಡದು ಹಾಕತೈತಿ. ನಾಕು ಮೀಟರ್ ದೂರ, ಇಬ್ರ ನಡಕ, ಸೊಂಟದಷ್ಟು ಎತ್ತರಕ್ಕ ಇಡು. ಶನಿವಾರ ರಾತ್ರಿ ಇಲ್ಲೇ ಹಾಕು, ಕೇಳಿ ಹೇಳ್ತೀನಿ.